ಹಣೆಯ ಬರಹ, ಮಿದುಳಿನ ಬರಹ

ಮದುವೆಯ ಮಾತುಕತೆ ನಡೆಯುವ ಕಾಲಕ್ಕೆ ನಮ್ಮ ಹಿರಿಯರು ಮೊದಲು ವಿಚಾರಿಸುವುದು ಮನೆತನವನ್ನು. ಹೊಲ ಎಷ್ಟು, ಹುಡುಗನ ನೌಕರಿ ಏನು, ಬೀಗರು ಯಾವ ಊರವರು ಎಂಬ ಪ್ರಶ್ನೆಗಳೆಲ್ಲ ಬಹಿರಂಗವಾಗಿಯೇ ನಡೆಯುತ್ತವೆ. ಒಂದು ಪ್ರಶ್ನೆಯನ್ನು ಮಾತ್ರ ದನಿ ತಗ್ಗಿಸಿ, ಮೂರನೆಯವರ ಮುಖಾಂತರ ಕೇಳುತ್ತಾರೆ: “ಆ ಮನೆತನದಲ್ಲಿ ಯಾರಿಗಾದರೂ ತಲೆ ಕೆಟ್ಟದ್ದುಂಟೆ?” ಉಂಟು ಎಂಬ ಉತ್ತರ ಬಂದರೆ ಮಾತು ಅಲ್ಲಿಗೇ ಮುರಿಯುತ್ತದೆ. ಮುರುಮ, ಉಮರಗಾ, ನಿಲಂಗಾ, ಉದಗೀರಗಳಿಂದ ಹಿಡಿದು ಆಚೆಯ ಆಳಂದ, ಬಸವಕಲ್ಯಾಣ, ಭಾಲ್ಕಿಗಳವರೆಗೆ ಬೀಗತನದ ಬಳ್ಳಿ ಹಬ್ಬಿಕೊಂಡಿರುವ ನಮ್ಮ ಗಡಿನಾಡಿನಲ್ಲಿ ಇಂಥ ಸುದ್ದಿ ಒಂದು ಊರಿನಿಂದ ಇನ್ನೊಂದು ಊರಿಗೆ ತಲುಪಲು ತಡವಾಗುವುದಿಲ್ಲ. ಕಾಯಿಲೆ ಬಿದ್ದವನು ಒಬ್ಬ. ಶಿಕ್ಷೆ ಅನುಭವಿಸುವವರು ಅವನ ಅಕ್ಕತಂಗಿಯರು, ಅಣ್ಣತಮ್ಮಂದಿರು. ಈ ಅಂಜಿಕೆಯಿಂದಲೇ ಎಷ್ಟೋ ಮನೆಗಳಲ್ಲಿ ರೋಗಿಯನ್ನು ಹಿಂದಿನ ಕೋಣೆಯಲ್ಲಿ ಮರೆಮಾಡುವುದುಂಟು. ವೈದ್ಯರ ಬಳಿಗೆ ಒಯ್ಯಬೇಕಾದ ವರ್ಷಗಳು ಗುಟ್ಟು ಕಾಯುವುದರಲ್ಲಿ ಕಳೆದುಹೋಗುವುದುಂಟು.

ಮನಸ್ಸಿನ ರೋಗಕ್ಕೆ ನಮ್ಮ ಸಮಾಜ ಪರಂಪರೆಯಿಂದ ಎರಡು ಕಾರಣಗಳನ್ನು ಹೇಳುತ್ತ ಬಂದಿದೆ. ಒಂದು, ಹೊರಗಿನ ಬಾಧೆ: ಗಾಳಿ ಸೋಕಿದೆ, ಯಾರೋ ಮಾಟ ಮಾಡಿಸಿದ್ದಾರೆ, ಬಾನಾಮತಿ ಆಗಿದೆ ಎಂಬುದು. ಇನ್ನೊಂದು, ರಕ್ತದ ದೋಷ: ಅದು ಆ ಮನೆತನದ ಹಣೆಬರಹ, ಬೀಜದಂತೆ ವೃಕ್ಷ ಎಂಬುದು. ಮೊದಲನೆಯದು ರೋಗಿಯನ್ನು ಮಾಂತ್ರಿಕನ ಬಳಿಗೆ ಕಳಿಸುತ್ತದೆ. ಎರಡನೆಯದು ಆತನನ್ನು ಯಾರ ಬಳಿಗೂ ಕಳಿಸುವುದಿಲ್ಲ. ಬರೆದದ್ದು ಅಳಿಯದು ಎಂದ ಮೇಲೆ ಔಷಧವೇಕೆ, ಆರೈಕೆಯೇಕೆ?

ವಿಜ್ಞಾನವೂ ಒಂದು ಕಾಲಕ್ಕೆ ಈ ಎರಡನೆಯ ಮಾತಿಗೆ ಹತ್ತಿರವೇ ನಿಂತಿತ್ತು. ವಂಶವಾಹಿಗಳಲ್ಲಿ ಬರೆದದ್ದೇ ಕೊನೆಯ ಮಾತು ಎಂದು ಹಲವರು ನಂಬಿದ್ದರು. ಕಳೆದ ಕೆಲವು ದಶಕಗಳಲ್ಲಿ ಆ ನಂಬಿಕೆ ಸಡಿಲಾಗಿದೆ. ಹುಟ್ಟಿನಿಂದ ಬಂದ ಬರಹದ ಮೇಲೆ ಬದುಕು ತನ್ನದೇ ಗುರುತುಗಳನ್ನು ಹಾಕುತ್ತ ಹೋಗುತ್ತದೆ, ಆ ಗುರುತುಗಳು ಮಿದುಳಿನಲ್ಲಿಯೂ ಬೀಳುತ್ತವೆ, ಅವುಗಳಲ್ಲಿ ಕೆಲವು ತಿದ್ದುಪಡಿಗೆ ಒಳಗಾಗಬಲ್ಲವು ಎಂಬುದು ಹೊಸ ತಿಳಿವಳಿಕೆ. ಈ ಶಾಸ್ತ್ರದ ಹೆಸರು ಎಪಿಜೆನೆಟಿಕ್ಸ್. ಗ್ರೀಕ್ ಭಾಷೆಯಲ್ಲಿ ‘ಎಪಿ’ ಎಂದರೆ ಮೇಲೆ. ವಂಶವಾಹಿಯ ಮೇಲಿನ ಬರಹವಾದ್ದರಿಂದ ಇದನ್ನು ನಾವು ‘ಮೇಲ್ಬರಹ’ವೆಂದು ಕರೆಯಬಹುದು. ಈ ಪದಕ್ಕೆ ಇಂದಿನ ಬಳಕೆಯ ಬುನಾದಿ ಹಾಕಿದವರು ಬ್ರಿಟಿಷ್ ಜೀವವಿಜ್ಞಾನಿ ಕಾನ್ರಡ್ ವಾಡಿಂಗ್ಟನ್, ವರ್ಷ 1942.

ಗ್ರಂಥ ಒಂದೇ, ಓದು ಬೇರೆ ಬೇರೆ

ಶ್ರಾವಣ ಮಾಸದಲ್ಲಿ ಊರಿನ ಗುಡಿಯಲ್ಲಿ ಪುರಾಣ ಹಚ್ಚುವುದನ್ನು ನೀವೆಲ್ಲರೂ ಬಲ್ಲಿರಿ. ಗ್ರಂಥ ದೊಡ್ಡದು, ಆದರೆ ಪುರಾಣಿಕರು ಎಲ್ಲ ಪುಟಗಳನ್ನೂ ಒಂದೇ ದಿನ ಓದುವುದಿಲ್ಲ. ಎಲ್ಲಿ ತೆರೆಯಬೇಕೋ ಅಲ್ಲಿ ಗುರುತಿನ ಕಡ್ಡಿ ಇಟ್ಟಿರುತ್ತಾರೆ. ಎಲ್ಲಿ ಬೇಡವೋ ಆ ಪುಟಗಳನ್ನು ದಾರ ಸುತ್ತಿ ಕಟ್ಟಿರುತ್ತಾರೆ. ನಮ್ಮ ದೇಹದ ಒಂದೊಂದು ಜೀವಕೋಶದಲ್ಲಿಯೂ ನಡೆಯುವುದು ಇದೇ ರೀತಿಯ ಪಾರಾಯಣ.

ಈ ಗ್ರಂಥವೇ ಡಿ.ಎನ್.ಎ. ಅದರ ಲಿಪಿಯಲ್ಲಿ ಇರುವುದು ನಾಲ್ಕೇ ಅಕ್ಷರಗಳು: ಅಡೆನಿನ್, ಥೈಮಿನ್, ಗ್ವಾನಿನ್, ಸೈಟೊಸಿನ್. ಈ ನಾಲ್ಕರಿಂದಲೇ ಸುಮಾರು 300 ಕೋಟಿ ಅಕ್ಷರಗಳ ಗ್ರಂಥ ಸಿದ್ಧವಾಗಿದೆ. ಅದರೊಳಗೆ ಸುಮಾರು 20 ಸಾವಿರ ವಂಶವಾಹಿಗಳಿವೆ. ಒಂದೊಂದೂ ಒಂದು ಪ್ರೋಟೀನನ್ನು ತಯಾರಿಸುವ ಸೂತ್ರ. ತಂದೆಯಿಂದ ಅರ್ಧ, ತಾಯಿಯಿಂದ ಅರ್ಧ ಪಡೆದ ಈ ಗ್ರಂಥದ ಪ್ರತಿಯನ್ನು ದೇಹದ ಜೀವಕೋಶಗಳು ಬಹುತೇಕ ಯಥಾವತ್ತಾಗಿ ಇಟ್ಟುಕೊಂಡಿರುತ್ತವೆ. ಹಾಗಿದ್ದರೂ ಯಕೃತ್ತಿನ ಕೋಶ ಪಿತ್ತರಸ ತಯಾರಿಸುತ್ತದೆ, ಮಿದುಳಿನ ಕೋಶ ನೆನಪನ್ನು ಹಿಡಿದಿಡುತ್ತದೆ. ಗ್ರಂಥ ಒಂದೇ ಆದರೂ ಯಾವ ಅಧ್ಯಾಯವನ್ನು ಓದಬೇಕು, ಯಾವುದನ್ನು ಮುಚ್ಚಿಡಬೇಕು ಎಂಬ ಗುರುತುಗಳು ಬೇರೆ ಬೇರೆಯಾಗಿರುವುದೇ ಇದರ ಕಾರಣ.

ಆ ಗುರುತುಗಳಲ್ಲಿ ಮುಖ್ಯವಾದವು ಎರಡು. ಮೊದಲನೆಯದು ಮೀಥೈಲ್ ಗುರುತು. ಒಂದು ಇಂಗಾಲ, ಮೂರು ಜಲಜನಕ ಸೇರಿದ ಈ ಚಿಕ್ಕ ಗುಂಪು ಸೈಟೊಸಿನ್ ಎಂಬ ಅಕ್ಷರದ ನೆತ್ತಿಯ ಮೇಲೆ ಹೋಗಿ ಕೂಡುತ್ತದೆ. ವಂಶವಾಹಿಯ ಆರಂಭದ ಭಾಗದಲ್ಲಿ ಇಂಥ ಗುರುತುಗಳು ದಟ್ಟವಾದರೆ ಸಾಮಾನ್ಯವಾಗಿ ಆ ವಂಶವಾಹಿ ಮೌನವಾಗುತ್ತದೆ. ಅಕ್ಷರ ಅಳಿಯಲಿಲ್ಲ, ಓದು ಮಾತ್ರ ನಿಂತಿತು. ಎರಡನೆಯದು ಹಿಸ್ಟೋನ್ ಎಂಬ ಪ್ರೋಟೀನಿಗೆ ಸಂಬಂಧಿಸಿದ್ದು. ಒಂದು ಜೀವಕೋಶದ ಡಿ.ಎನ್.ಎ.ಯನ್ನು ಬಿಡಿಸಿ ಹಿಡಿದರೆ ಸುಮಾರು ಎರಡು ಮೀಟರು ಉದ್ದವಾದೀತು. ಇಷ್ಟುದ್ದದ ಎಳೆ ಕಣ್ಣಿಗೆ ಕಾಣದಷ್ಟು ಚಿಕ್ಕದಾದ ಕೋಶಕೇಂದ್ರದಲ್ಲಿ ಅಡಗಬೇಕಾದರೆ ನೂಲಿನ ಉಂಡೆಯಂತೆ ಸುತ್ತಿಕೊಳ್ಳಲೇಬೇಕು. ಹಿಸ್ಟೋನುಗಳೇ ಆ ಉಂಡೆಗಳ ತಿರುಳು. ಅಸಿಟೈಲ್ ಎಂಬ ಗುಂಪು ಹಿಸ್ಟೋನಿಗೆ ಅಂಟಿದಾಗ ಸುತ್ತು ಸಡಿಲಾಗಿ ಓದು ಸುಲಭವಾಗುತ್ತದೆ. ಅದು ಕಳಚಿದಾಗ ಸುತ್ತು ಬಿಗಿದು ಪುಟ ಮುಚ್ಚುತ್ತದೆ.

ಮಿದುಳಿನಲ್ಲಿ ನಡೆಯುವ ವಿಶೇಷ ಬರವಣಿಗೆ

ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಚರ್ಮದ ಕೋಶ ಸವೆದು ಹೋದರೆ ಹೊಸದು ಬರುತ್ತದೆ. ನರಕೋಶಗಳಲ್ಲಿ ಬಹುಪಾಲು ಹುಟ್ಟಿನಿಂದ ಮುಪ್ಪಿನವರೆಗೆ ಅವೇ ಇರುತ್ತವೆ. ಆದ್ದರಿಂದ ಅವುಗಳ ಮೇಲೆ ಬಿದ್ದ ಗುರುತುಗಳೂ ದೀರ್ಘಕಾಲ ನಿಲ್ಲಬಲ್ಲವು. 2013ರಲ್ಲಿ ಅಮೆರಿಕದ ವಿಜ್ಞಾನಿಗಳು ಒಂದು ವಿಶೇಷ ಸಂಗತಿಯನ್ನು ಪ್ರಕಟಿಸಿದರು. ದೇಹದ ಬೇರೆ ಭಾಗಗಳಲ್ಲಿ ವಿರಳವಾದ ಒಂದು ಬಗೆಯ ಮೀಥೈಲ್ ಗುರುತು ನರಕೋಶಗಳಲ್ಲಿ ಮಾತ್ರ ರಾಶಿಯಾಗಿ ಸೇರುತ್ತದೆ. ಅದು ಸೇರುವುದು ಹುಟ್ಟಿದ ಮೇಲೆ. ಮೊದಲ ಕೆಲವು ವರ್ಷಗಳಲ್ಲಿ ವೇಗವಾಗಿ, ಹರೆಯದವರೆಗೆ ನಿಧಾನವಾಗಿ. ನರಕೋಶಗಳು ಒಂದರೊಡನೊಂದು ಸಂಪರ್ಕ ಬೆಳೆಸುವುದೂ ಇದೇ ವರ್ಷಗಳಲ್ಲಿ. ಮೂರು ವರ್ಷದ ಬುದ್ಧಿ ನೂರು ವರ್ಷದ ತನಕ ಎಂದ ನಮ್ಮ ಹಿರಿಯರಿಗೆ ಸೂಕ್ಷ್ಮದರ್ಶಕದ ನೆರವಿರಲಿಲ್ಲ. ಆದರೆ ಮಕ್ಕಳನ್ನು ನೋಡುವ ಕಣ್ಣಿತ್ತು.

ಈ ಗುರುತುಗಳ ಓದು ಕೆಟ್ಟರೆ ಏನಾಗುತ್ತದೆ ಎಂಬುದಕ್ಕೆ ರೆಟ್ ಎಂಬ ವಿರಳ ಕಾಯಿಲೆಯೇ ಸ್ಪಷ್ಟ ನಿದರ್ಶನ. ಹೆಚ್ಚಾಗಿ ಹೆಣ್ಣುಮಕ್ಕಳಿಗೆ ಬರುವ ಈ ಕಾಯಿಲೆಯಲ್ಲಿ ಮಗು ಆರರಿಂದ ಹದಿನೆಂಟು ತಿಂಗಳವರೆಗೆ ಚೆನ್ನಾಗಿಯೇ ಬೆಳೆದು, ಆಮೇಲೆ ಕಲಿತ ಮಾತನ್ನೂ ಕೈಗಳ ಬಳಕೆಯನ್ನೂ ಕಳೆದುಕೊಳ್ಳುತ್ತದೆ. ಮೀಥೈಲ್ ಗುರುತನ್ನು ಓದುವ ಒಂದು ಪ್ರೋಟೀನಿನ ದೋಷವೇ ಇದಕ್ಕೆ ಕಾರಣವೆಂದು 1999ರಲ್ಲಿ ಹೂಸ್ಟನ್ ನಗರದ ಡಾ. ಹುದಾ ಜೋಗ್ಬಿ ಅವರ ತಂಡ ಕಂಡುಹಿಡಿಯಿತು. 2007ರಲ್ಲಿ ಸ್ಕಾಟ್ಲೆಂಡಿನ ಏಡ್ರಿಯನ್ ಬರ್ಡ್ ಅವರ ತಂಡ ಇಂಥದೇ ದೋಷವಿದ್ದ ಇಲಿಗಳಲ್ಲಿ ಆ ವಂಶವಾಹಿಯನ್ನು ಮತ್ತೆ ಚಾಲನೆಗೆ ತಂದಾಗ, ಬೆಳೆದ ಇಲಿಗಳಲ್ಲಿಯೂ ಕಾಯಿಲೆಯ ಲಕ್ಷಣಗಳು ಬಹುಮಟ್ಟಿಗೆ ಹಿಂದೆಗೆದವು. ಮಿದುಳಿನ ಹಾನಿ ಎಂದರೆ ಮರಳಿ ಬಾರದ ಹಾನಿ ಎಂಬ ಹಳೆಯ ಮಾತಿಗೆ ಅಂದು ಪೆಟ್ಟು ಬಿತ್ತು.

ಜೀವಂತ ಮನುಷ್ಯನ ಮಿದುಳನ್ನು ಕತ್ತರಿಸಿ ನೋಡಲಾಗುವುದಿಲ್ಲ. ಮರಣಾನಂತರ ಬಂಧುಗಳು ದಾನವಾಗಿ ಕೊಟ್ಟ ಮಿದುಳುಗಳೇ ಈ ಶಾಸ್ತ್ರಕ್ಕೆ ಆಧಾರ. ಇಂಥ ದಾನವನ್ನು ಸ್ವೀಕರಿಸಿ ಕಾಪಾಡುವ ಭಾರತದ ಮೊದಲ ಮಿದುಳು ಭಂಡಾರ ಸ್ಥಾಪಿತವಾದದ್ದು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ, 1995ರಲ್ಲಿ, ಡಾ. ಎಸ್. ಕೆ. ಶಂಕರ್ ಅವರ ನೇತೃತ್ವದಲ್ಲಿ. ಕಣ್ಣಿನ ದಾನವನ್ನು ಅರಿತ ನಮ್ಮ ಜನ ಮಿದುಳಿನ ದಾನವನ್ನೂ ಅರಿಯಬೇಕಾದ ಕಾಲ ಬಂದಿದೆ.

ತಾಯಿ ಇಲಿ ಕಲಿಸಿದ ಪಾಠ

ಮಮತೆ ಮಿದುಳಿನ ಮೇಲೆ ಗುರುತು ಹಾಕಬಲ್ಲುದೆ? ಕೆನಡಾ ದೇಶದ ಮಾಂಟ್ರಿಯಲ್ ನಗರದಲ್ಲಿ ಮೈಕೇಲ್ ಮೀನೀ, ಮೋಶೆ ಝಿಫ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಪ್ರಯೋಗ ಈ ಪ್ರಶ್ನೆಗೆ ಉತ್ತರಿಸಿತು. ತಾಯಿ ಇಲಿಗಳಲ್ಲಿ ಕೆಲವು ತಮ್ಮ ಮರಿಗಳನ್ನು ಹೆಚ್ಚು ನೆಕ್ಕಿ ನೇವರಿಸುತ್ತವೆ, ಕೆಲವು ಕಡಿಮೆ. ಹೆಚ್ಚು ನೇವರಿಸಿಕೊಂಡ ಮರಿಗಳು ದೊಡ್ಡವಾದ ಮೇಲೆ ಅಂಜಿಕೆಯ ಪ್ರಸಂಗದಲ್ಲಿ ಬೇಗ ಶಾಂತವಾದವು. ಕಡಿಮೆ ನೇವರಿಸಿಕೊಂಡವು ಬಹಳ ಹೊತ್ತು ತಲ್ಲಣಿಸಿದವು. ಭಯದ ಹಾರ್ಮೋನನ್ನು ಹಿಡಿದು ಅದಕ್ಕೆ ಕಡಿವಾಣ ಹಾಕುವ ಒಂದು ವಂಶವಾಹಿಯ ಮೇಲೆ, ಕಡಿಮೆ ಆರೈಕೆ ಕಂಡ ಮರಿಗಳ ಮಿದುಳಿನಲ್ಲಿ, ಮೀಥೈಲ್ ಗುರುತುಗಳು ಹೆಚ್ಚಾಗಿದ್ದವು. ವಿಶೇಷವೆಂದರೆ, ಕಡಿಮೆ ನೇವರಿಸುವ ತಾಯಿಯ ಮರಿಯನ್ನು ಹುಟ್ಟಿದ ಕೂಡಲೆ ಮಮತೆಯುಳ್ಳ ತಾಯಿಯ ಮಡಿಲಿಗೆ ಹಾಕಿದಾಗ ಆ ಮರಿಯೂ ಶಾಂತಸ್ವಭಾವದ್ದಾಗಿ ಬೆಳೆಯಿತು. ಹೆತ್ತವಳ ರಕ್ತಕ್ಕಿಂತ ಸಾಕಿದವಳ ಆರೈಕೆ ಅಲ್ಲಿ ಮೇಲುಗೈ ಪಡೆದಿತ್ತು.

ಇಲಿಯ ಮಾತು ಮನುಷ್ಯನಿಗೆ ಅನ್ವಯಿಸುವುದೆ ಎಂದು ನೋಡಲು ಅದೇ ನಗರದ ವಿಜ್ಞಾನಿಗಳು ಕ್ವಿಬೆಕ್ ಪ್ರಾಂತದ ಮಿದುಳು ಭಂಡಾರದ 36 ಮಿದುಳುಗಳನ್ನು ಪರೀಕ್ಷಿಸಿದರು. ಆತ್ಮಹತ್ಯೆಯಿಂದ ಸತ್ತವರಲ್ಲಿ ಬಾಲ್ಯದಲ್ಲಿ ಹಿಂಸೆ ಅನುಭವಿಸಿದವರು 12, ಹಾಗೆ ಅನುಭವಿಸದವರು 12, ಬೇರೆ ಕಾರಣದಿಂದ ಸತ್ತವರು 12. ಬಾಲ್ಯದಲ್ಲಿ ಹಿಂಸೆ ಅನುಭವಿಸಿದವರ ಮಿದುಳಿನ ನೆನಪಿನ ಭಾಗದಲ್ಲಿ ಅದೇ ವಂಶವಾಹಿಯ ಮೇಲೆ ಗುರುತುಗಳು ಅಧಿಕವಾಗಿದ್ದವು. ಉಳಿದ ಎರಡು ಗುಂಪುಗಳಲ್ಲಿ ಹಾಗಿರಲಿಲ್ಲ. 2009ರಲ್ಲಿ ಪ್ರಕಟವಾದ ಈ ಅಭ್ಯಾಸದಲ್ಲಿ ಸಂಖ್ಯೆ ಚಿಕ್ಕದು ನಿಜ. ಆದರೆ ‘ಬಡಿದರೇ ಬುದ್ಧಿ’ ಎಂದು ಮಕ್ಕಳ ಮೇಲೆ ಕೈಯೆತ್ತುವ ಮುನ್ನ ಅದನ್ನು ನೆನೆಯುವುದು ಲೇಸು.

ಹಸಿವಿನ ಗುರುತು, ಭಯದ ಗುರುತು

ಮರಾಠವಾಡದ ನಮ್ಮ ಹಿರಿಯರಿಗೆ 1972ರ ಬರವನ್ನು ವಿವರಿಸಿ ಹೇಳಬೇಕಾಗಿಲ್ಲ. ಪರದೇಶದಿಂದ ಬಂದ ಮಿಲೊ ಜೋಳದ ರೊಟ್ಟಿ, ಬರಗಾಲದ ಕಾಮಗಾರಿಯಲ್ಲಿ ಕಲ್ಲು ಒಡೆದ ದಿನಗಳು ಇಂದಿಗೂ ಮನೆಮನೆಯ ಮಾತು. ಬಸುರಿಯರೂ ಆ ಬಿಸಿಲಿನಲ್ಲಿ ದುಡಿದವರೇ. ಹೊಟ್ಟೆಯೊಳಗಿನ ಕೂಸಿಗೆ ಇಂಥ ಹಸಿವು ಏನು ಮಾಡುತ್ತದೆ?

ಇದರ ಆಳವಾದ ಅಭ್ಯಾಸ ನಡೆದದ್ದು ಹಾಲೆಂಡಿನಲ್ಲಿ. ಎರಡನೆಯ ಮಹಾಯುದ್ಧದ ಕೊನೆಯ ಚಳಿಗಾಲದಲ್ಲಿ, 1944-45ರಲ್ಲಿ, ಜರ್ಮನ್ ಸೈನ್ಯ ಆ ದೇಶದ ಪಶ್ಚಿಮ ಭಾಗಕ್ಕೆ ಆಹಾರ ಹೋಗದಂತೆ ತಡೆಯಿತು. ಒಬ್ಬ ವ್ಯಕ್ತಿಗೆ ದಿನಕ್ಕೆ ದೊರೆಯುತ್ತಿದ್ದ ಪಡಿತರ 400ರಿಂದ 800 ಕ್ಯಾಲರಿಗೆ ಇಳಿದಿತ್ತು. ಆ ಹಸಿವು ತೀವ್ರವಾಗಿದ್ದಾಗ ಗರ್ಭದಲ್ಲಿ ಮೊಳೆತ ಮಕ್ಕಳು ದೊಡ್ಡವರಾದಾಗ, ಅವರಲ್ಲಿ ಸ್ಕಿಜೋಫ್ರೀನಿಯಾ ಎಂಬ ತೀವ್ರ ಮನೋರೋಗ ಸುಮಾರು ಎರಡು ಪಟ್ಟು ಹೆಚ್ಚಾಗಿ ಕಂಡುಬಂತು. ಚೀನಾದಲ್ಲಿ 1959-61ರ ಘೋರ ಬರದಲ್ಲಿ ಹುಟ್ಟಿದವರಲ್ಲಿಯೂ ಇದೇ ಪ್ರಮಾಣ ಕಂಡಿತು. 2008ರಲ್ಲಿ ಡಚ್ ವಿಜ್ಞಾನಿಗಳು ಇನ್ನೊಂದು ಹೆಜ್ಜೆ ಮುಂದೆ ಹೋದರು. ಹಸಿವಿನ ಕಾಲದಲ್ಲಿ ಗರ್ಭಸ್ಥರಾದವರ ರಕ್ತವನ್ನು ಅವರದೇ ಒಡಹುಟ್ಟಿದವರ ರಕ್ತದೊಡನೆ ಹೋಲಿಸಿದಾಗ, ಬೆಳವಣಿಗೆಗೆ ಸಂಬಂಧಿಸಿದ ಒಂದು ವಂಶವಾಹಿಯ ಮೇಲಿನ ಮೀಥೈಲ್ ಗುರುತು ಅರವತ್ತು ವರ್ಷಗಳ ಮೇಲೆಯೂ ಕಡಿಮೆಯಾಗಿಯೇ ಇತ್ತು. ಒಂದೇ ತಾಯಿ, ಒಂದೇ ಮನೆತನ. ಬೇರೆಯಾದದ್ದು ಆ ಒಂದು ಚಳಿಗಾಲ ಮಾತ್ರ.

ಹಸಿವಿನ ಹಾಗೆಯೇ ಭಯ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ, ಗಣಪತಿಯನ್ನು ಕಳಿಸಿ ದಣಿದು ಮಲಗಿದ್ದ ನಮ್ಮ ಸೀಮೆಯ ಹಳ್ಳಿಗಳು ನಾಲ್ಕು ಗಂಟೆಗೆ ಕೆಲವೇ ನಿಮಿಷ ಮುನ್ನ ನೆಲಕಚ್ಚಿದವು. ಔಸಾ ತಾಲೂಕಿನ ಕಿಲ್ಲಾರಿ, ಆಗಿನ ಉಮರಗಾ ತಾಲೂಕಿನ ಸಾಸ್ತೂರ ಮೊದಲಾದ ಊರುಗಳಲ್ಲಿ ಕಲ್ಲುಮಣ್ಣಿನ ದಪ್ಪ ಗೋಡೆಗಳೇ ಗೋರಿಗಳಾದವು. ಸತ್ತವರ ಸಂಖ್ಯೆ ಹತ್ತು ಸಾವಿರದ ಸಮೀಪ ಹೋಯಿತು. ಬದುಕಿ ಉಳಿದವರನ್ನು ಪರೀಕ್ಷಿಸಿದ ಮನೋವೈದ್ಯರು ಖಿನ್ನತೆಯನ್ನೂ ಆಘಾತದಿಂದ ಹುಟ್ಟುವ ತಲ್ಲಣವನ್ನೂ ಬಹು ಜನರಲ್ಲಿ ಗುರುತಿಸಿದರು. ಮನೆಗಳನ್ನು ಮರಳಿ ಕಟ್ಟಿಕೊಡುವುದರ ಜೊತೆಗೆ ಮನಸ್ಸುಗಳನ್ನೂ ಕಟ್ಟಿಕೊಡಬೇಕಾಗುತ್ತದೆ ಎಂಬುದು ಆಗ ಎಲ್ಲರಿಗೂ ಮನವರಿಕೆಯಾಯಿತು.

ಇಂಥ ಆಪತ್ತು ಗರ್ಭಿಣಿಯರ ಮೂಲಕ ಕೂಸಿನವರೆಗೆ ಮುಟ್ಟುವ ಬಗೆಯನ್ನು ಕ್ವಿಬೆಕ್ ಪ್ರಾಂತದ ಒಂದು ಅಭ್ಯಾಸ ತೋರಿಸುತ್ತದೆ. 1998ರ ಜನವರಿಯಲ್ಲಿ ಅಲ್ಲಿ ಬಿದ್ದ ಮಂಜಿನ ಮಳೆಯಿಂದ ಲಕ್ಷಾಂತರ ಮನೆಗಳಿಗೆ ವಿದ್ಯುತ್ತಿಲ್ಲದೆ ಜನ ಕೊರೆಯುವ ಚಳಿಯಲ್ಲಿ ದಿನಗಟ್ಟಲೆ ಕಷ್ಟಪಟ್ಟರು. ಆ ಕಾಲಕ್ಕೆ ಗರ್ಭಿಣಿಯರಾಗಿದ್ದವರ ಮಕ್ಕಳ ರಕ್ತವನ್ನು ಹದಿಮೂರನೆಯ ವಯಸ್ಸಿನಲ್ಲಿ ಪರೀಕ್ಷಿಸಿದಾಗ, ತಾಯಿ ಪಟ್ಟ ಕಷ್ಟದ ಪ್ರಮಾಣಕ್ಕೂ ಮಗುವಿನ ಡಿ.ಎನ್.ಎ. ಮೇಲಿನ ಗುರುತುಗಳಿಗೂ ಸಂಬಂಧ ಕಂಡಿತು. ಗಮನಿಸಬೇಕಾದ ಸಂಗತಿ ಇಲ್ಲಿದೆ: ಆ ಗುರುತುಗಳು ತಾಳೆಯಾದದ್ದು ತಾಯಿ ಎಷ್ಟು ಅಂಜಿದಳು ಎಂಬುದಕ್ಕಲ್ಲ, ಎಷ್ಟು ದಿನ ಬೆಳಕಿಲ್ಲದೆ, ಆಸರೆಯಿಲ್ಲದೆ ಕಳೆದಳು ಎಂಬುದಕ್ಕೆ. ಆಪತ್ತಿನಲ್ಲಿ ಬಸುರಿ-ಬಾಣಂತಿಯರಿಗೆ ಮೊದಲು ಬೇಕಾದದ್ದು ಅನ್ನ, ಬೆಳಕು, ಸೂರು. ಧೈರ್ಯದ ಮಾತು ಅವುಗಳ ಜೊತೆಗೆ ಬರಲಿ.

ಮನೆತನದ ಲೆಕ್ಕ

ಇನ್ನು ಮದುವೆಯ ಮಾತಿಗೆ ಮರಳೋಣ. ಮನೋರೋಗಕ್ಕೂ ವಂಶಕ್ಕೂ ಸಂಬಂಧವೇ ಇಲ್ಲವೆಂದು ಹೇಳಿದರೆ ಅದು ಸುಳ್ಳಾದೀತು. ಸಂಬಂಧ ಉಂಟು, ಆದರೆ ಅದರ ಅಳತೆ ನಾವು ಅಂಜುವಷ್ಟಿಲ್ಲ. ಸ್ಕಿಜೋಫ್ರೀನಿಯಾ ಸಾಮಾನ್ಯ ಜನರಲ್ಲಿ ಸುಮಾರು ನೂರಕ್ಕೆ ಒಬ್ಬರಿಗೆ ಬರುತ್ತದೆ. ತಂದೆ ಅಥವಾ ತಾಯಿಗೆ ಅದು ಇದ್ದರೆ ಮಗುವಿಗೆ ಬರುವ ಸಂಭವ ನೂರಕ್ಕೆ ಸುಮಾರು ಹತ್ತು. ಅಂದರೆ ಅಂಥ ನೂರು ಮಕ್ಕಳಲ್ಲಿ ತೊಂಬತ್ತರಷ್ಟು ಮಂದಿಗೆ ಆ ರೋಗ ಬರುವುದಿಲ್ಲ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳ ಡಿ.ಎನ್.ಎ. ಗ್ರಂಥ ಬಹುತೇಕ ಅಕ್ಷರಶಃ ಒಂದೇ. ಅವರಲ್ಲಿ ಒಬ್ಬರಿಗೆ ಈ ರೋಗವಿದ್ದರೆ ಇನ್ನೊಬ್ಬರಿಗೂ ಬರುವುದು ನೂರಕ್ಕೆ ನಲವತ್ತರಿಂದ ಐವತ್ತು ಪ್ರಸಂಗಗಳಲ್ಲಿ. ಬರಹವೇ ಎಲ್ಲವೂ ಆಗಿದ್ದರೆ ಅದು ನೂರಕ್ಕೆ ನೂರಾಗಬೇಕಿತ್ತಲ್ಲವೆ? ಇನ್ನೊಂದು ಮಾತು: ಈ ರೋಗಿಗಳಲ್ಲಿ ಬಹುಪಾಲು ಮಂದಿಯ ತಂದೆತಾಯಿಗಳಿಗೆ ಆ ರೋಗ ಇರುವುದಿಲ್ಲ. ಕಾಯಿಲೆ ಕಂಡ ಮನೆತನವನ್ನು ಬಿಟ್ಟು ಕಾಣದ ಮನೆತನವನ್ನು ಹುಡುಕುವುದರಿಂದ ಯಾವ ಖಾತ್ರಿಯೂ ದೊರೆಯುವುದಿಲ್ಲ.

ಒಂದೇ ಮನೆಯಲ್ಲಿ ಹಲವರಿಗೆ ತೀವ್ರ ಮನೋರೋಗ ಬಂದ ಕುಟುಂಬಗಳನ್ನು ಬೆಂಗಳೂರಿನ ನಿಮ್ಹಾನ್ಸ್ ಮತ್ತು ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ವಿಜ್ಞಾನಿಗಳು 2016ರಿಂದ ಜೊತೆಯಾಗಿ ಅಭ್ಯಾಸ ಮಾಡುತ್ತ ಬಂದಿದ್ದಾರೆ. ಮನೆಯವರ ರಕ್ತದಿಂದ ಕಾಂಡಕೋಶಗಳನ್ನು ತಯಾರಿಸಿ, ಅವುಗಳಿಂದ ನರಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ ನೋಡುವ ಪ್ರಯತ್ನ ಅದು. ಒಂದೇ ರಕ್ತದ ಅಣ್ಣನಿಗೆ ರೋಗ ಬಂದು ತಮ್ಮನಿಗೇಕೆ ಬರಲಿಲ್ಲ ಎಂಬ ಪ್ರಶ್ನೆಗೆ ಇಂಥ ಮನೆಗಳಿಂದಲೇ ಉತ್ತರ ದೊರೆಯಬೇಕು. ನಾವು ಮುಚ್ಚಿಡುವ ಮನೆಯ ಬಾಗಿಲು ಹೀಗೆ ನಾಳೆಯ ಚಿಕಿತ್ಸೆಯ ಬಾಗಿಲೂ ಆಗಬಹುದು.

ಅವಸರದ ತೀರ್ಮಾನ ಸಲ್ಲದು

ಹೊಸ ಶಾಸ್ತ್ರ ಬಂದಾಗ ಅದರ ಹೆಸರಿನಲ್ಲಿ ಹೊಸ ಮೂಢನಂಬಿಕೆಗಳೂ ಹುಟ್ಟುತ್ತವೆ. ಆದ್ದರಿಂದ ಕೆಲವು ಎಚ್ಚರಿಕೆಗಳು ಅಗತ್ಯ.

ಮೊದಲನೆಯದಾಗಿ, ರೋಗಿಯ ಮಿದುಳಿನಲ್ಲಿ ಗುರುತು ಬೇರೆಯಾಗಿದ್ದರೆ ಅದೇ ರೋಗದ ಕಾರಣವೆಂದು ಹೇಳಲಾಗದು. ರೋಗದಿಂದ, ವರ್ಷಗಟ್ಟಲೆ ಸೇವಿಸಿದ ಔಷಧದಿಂದ, ಬೀಡಿ-ಸಿಗರೇಟಿನಿಂದಲೂ ಗುರುತುಗಳು ಬದಲಾಗುತ್ತವೆ. ಆದರೂ ಅಮೆರಿಕದ ಬಾಲ್ಟಿಮೋರ್ ನಗರದ ವಿಜ್ಞಾನಿಗಳು 2016ರಲ್ಲಿ ನೂರಾರು ಮಿದುಳುಗಳ ಅಭ್ಯಾಸದಿಂದ ಒಂದು ಮಹತ್ವದ ಸುಳಿವು ಕೊಟ್ಟರು. ಸ್ಕಿಜೋಫ್ರೀನಿಯಾ ರೋಗಿಗಳಲ್ಲಿ ಬೇರೆಯಾಗಿ ಕಂಡ ಸ್ಥಾನಗಳಲ್ಲಿ ಅನೇಕವು, ಗರ್ಭಾವಸ್ಥೆಯಿಂದ ಹುಟ್ಟಿನ ಕಡೆಗೆ ಸಾಗುವಾಗ ಎಲ್ಲರ ಮಿದುಳಿನಲ್ಲಿಯೂ ಗುರುತು ಬದಲಾಗುವ ಸ್ಥಾನಗಳೇ ಆಗಿದ್ದವು. ಇಪ್ಪತ್ತರ ಹರೆಯದಲ್ಲಿ ಹೊರಬೀಳುವ ರೋಗದ ಬೇರು ಬಹಳ ಹಿಂದೆ ಇರಬಹುದೆಂಬ ಅನುಮಾನಕ್ಕೆ ಇದು ಪುಷ್ಟಿ ಕೊಡುತ್ತದೆ.

ಎರಡನೆಯದಾಗಿ, ರಕ್ತದ ಗುರುತು ನೋಡಿ ಮನೋರೋಗವನ್ನು ನಿರ್ಣಯಿಸುವ ವಿಶ್ವಾಸಾರ್ಹ ಪರೀಕ್ಷೆ ಸಿದ್ಧವಾಗಿಲ್ಲ. ಹಣ ಪಡೆದು ಅಂಥ ಪರೀಕ್ಷೆಯ ಆಸೆ ತೋರಿಸುವವರನ್ನು ನಂಬಬಾರದು.

ಮೂರನೆಯದಾಗಿ, ಅಜ್ಜನ ನೋವು ಮೊಮ್ಮಗನ ರಕ್ತಕ್ಕೆ ಇಳಿಯುತ್ತದೆ, ಏಳು ತಲೆಮಾರು ಕಾಡುತ್ತದೆ ಎಂಬ ಮಾತು ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಅಂಡಾಣು, ವೀರ್ಯಾಣುಗಳು ರೂಪುಗೊಳ್ಳುವಾಗಲೂ ಗರ್ಭ ನಿಂತ ಹೊಸತರಲ್ಲಿಯೂ ಹಳೆಯ ಗುರುತುಗಳಲ್ಲಿ ಬಹುಪಾಲು ಅಳಿಸಿಹೋಗುತ್ತವೆ. ಮನುಷ್ಯರಲ್ಲಿ ಇಂಥ ಗುರುತುಗಳು ತಲೆಮಾರಿನಿಂದ ತಲೆಮಾರಿಗೆ ಇಳಿಯುತ್ತವೆಂಬುದು ಸಿದ್ಧವಾದ ಸಂಗತಿಯಲ್ಲ. ಪ್ರತಿ ಕೂಸಿಗೂ ಪ್ರಕೃತಿ ಪಾಟಿಯನ್ನು ಬಹುಮಟ್ಟಿಗೆ ಒರೆಸಿಯೇ ಕೊಡುತ್ತದೆ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದದ್ದು. ಕಳೆದ ಶತಮಾನದ ನಡುಭಾಗದಲ್ಲಿ ಪಾಶ್ಚಾತ್ಯ ವೈದ್ಯರಲ್ಲಿ ಕೆಲವರು ಸ್ಕಿಜೋಫ್ರೀನಿಯಾಕ್ಕೆ ತಾಯಿಯ ನಡತೆಯೇ ಕಾರಣವೆಂದು ಸಾರಿದರು. ಸಾವಿರಾರು ತಾಯಂದಿರು ಮಗುವಿನ ಕಾಯಿಲೆಯ ದುಃಖದ ಮೇಲೆ ಅಪರಾಧದ ಹೊರೆಯನ್ನೂ ಹೊತ್ತರು. ಆ ವಾದ ಬಿದ್ದುಹೋಯಿತು. ಇಂದಿನ ಹೊಸ ಶಾಸ್ತ್ರವನ್ನು ಅರೆಬರೆ ಅರಿತು, “ನೀನು ಬಸುರಿಯಿದ್ದಾಗ ಅತ್ತದ್ದರಿಂದಲೇ ಹೀಗಾಯಿತು” ಎಂದು ಸೊಸೆಯನ್ನು ಹಂಗಿಸುವವರು ಹುಟ್ಟಬಾರದು. ಅವಳು ಅತ್ತಿದ್ದರೆ, ಅಳಿಸಿದವರು ಯಾರೆಂಬ ಪ್ರಶ್ನೆಯೂ ಏಳುತ್ತದೆ. ಬರ, ಭೂಕಂಪ, ಬಡತನ, ಮನೆಯೊಳಗಿನ ಹಿಂಸೆ ಇವು ಒಬ್ಬ ತಾಯಿಯ ತಪ್ಪುಗಳಲ್ಲ.

ಅಳಿಸುವ ಪ್ರಯತ್ನಗಳು

ಗುರುತನ್ನು ಹಾಕಬಹುದಾದರೆ ಅಳಿಸಲೂ ಬಹುದಲ್ಲವೆ? ಈ ಆಸೆಯ ಹಿಂದೆ ಅನೇಕ ಪ್ರಯೋಗಶಾಲೆಗಳು ಹೊರಟಿವೆ. ಮೂರ್ಛೆರೋಗಕ್ಕೂ ಉನ್ಮಾದಕ್ಕೂ ವೈದ್ಯರು ಬಹುಕಾಲದಿಂದ ಕೊಡುತ್ತ ಬಂದ ವ್ಯಾಲ್ಪ್ರೊಯೇಟ್ ಎಂಬ ಔಷಧ ಹಿಸ್ಟೋನುಗಳ ಸುತ್ತನ್ನು ಸಡಿಲಗೊಳಿಸುತ್ತದೆ ಎಂಬುದು 2001ರಲ್ಲಿ ತಿಳಿಯಿತು. ಆದರೆ ಅದೇ ಔಷಧ ಗರ್ಭಸ್ಥ ಶಿಶುವಿಗೆ ಅಪಾಯಕಾರಿ. ಆದ್ದರಿಂದ ಮಕ್ಕಳಾಗುವ ವಯಸ್ಸಿನ ಹೆಣ್ಣುಮಕ್ಕಳು ವೈದ್ಯರೊಡನೆ ಮುಂಚಿತವಾಗಿ ಮಾತನಾಡಬೇಕು. ತಾವಾಗಿ ತೆಗೆದುಕೊಳ್ಳುವುದೂ ತಪ್ಪು, ತಾವಾಗಿ ನಿಲ್ಲಿಸುವುದೂ ತಪ್ಪು.

ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಈ ಕ್ಷೇತ್ರದಲ್ಲಿ ಹೆಸರು ಮಾಡಿದೆ. ಮೈಸೂರಿನಲ್ಲಿ ಹುಟ್ಟಿದ ಪ್ರೊ. ಎಂ. ಆರ್. ಎಸ್. ರಾವ್ (1948-2023) ಅಲ್ಲಿ ವರ್ಣತಂತುಗಳ ಜೀವಶಾಸ್ತ್ರವನ್ನು ಬೆಳೆಸಿದರು. ಅದೇ ಕೇಂದ್ರದ ತಪಸ್ ಕುಂಡು ಅವರ ತಂಡ, ಫ್ರಾನ್ಸಿನ ವಿಜ್ಞಾನಿಗಳೊಡನೆ ಸೇರಿ 2013ರಲ್ಲಿ ಒಂದು ಚಿಕ್ಕ ಅಣುವಿನ ವೃತ್ತಾಂತವನ್ನು ಪ್ರಕಟಿಸಿತು. ಹಿಸ್ಟೋನಿಗೆ ಅಸಿಟೈಲ್ ಅಂಟಿಸುವ ಕೆಲಸವನ್ನು ಚುರುಕುಗೊಳಿಸುವ ಆ ಅಣುವನ್ನು ಸೂಕ್ಷ್ಮ ಇಂಗಾಲದ ಕಣಗಳ ಮೇಲೆ ಹೊರಿಸಿ 쥐ಇಲಿಗಳಿಗೆ ಕೊಟ್ಟಾಗ, ಅದು ಮಿದುಳನ್ನು ತಲುಪಿ ನೆನಪಿನ ಅವಧಿಯನ್ನು ಹೆಚ್ಚಿಸಿತು. ಇಲಿಯಿಂದ ಮನುಷ್ಯನವರೆಗಿನ ದಾರಿ ದೂರ. ಅಲ್ಲಿಯವರೆಗೆ ಈಗಿರುವ ಔಷಧ, ಸಮಾಲೋಚನೆ, ಆರೈಕೆಗಳೇ ನಮಗೆ ಆಧಾರ; ಅವುಗಳಿಂದಲೇ ಅಸಂಖ್ಯ ರೋಗಿಗಳು ಸಂಸಾರ ನಡೆಸುವಷ್ಟು ಸ್ವಸ್ಥರಾಗಿದ್ದಾರೆ.

ಮನೆಯಲ್ಲಿ ನಮ್ಮ ಕೈಯಲ್ಲಿರುವುದು

ಮೀಥೈಲ್ ಗುರುತಿಗೆ ಬೇಕಾದ ಸಾಮಗ್ರಿ ಬರುವುದು ಆಹಾರದಿಂದ. ಫೋಲೇಟ್ ಮತ್ತು ಬಿ12 ಎಂಬ ಜೀವಸತ್ವಗಳು ಅದರಲ್ಲಿ ಮುಖ್ಯ. ಮೆಂತ್ಯಪಲ್ಯ, ಪಾಲಕ, ಹೆಸರುಕಾಳು, ಕಡಲೆಗಳಲ್ಲಿ ಫೋಲೇಟ್ ಇದೆ. ಬಿ12 ಮಾತ್ರ ಕಾಳುಪಲ್ಯಗಳಲ್ಲಿ ಇಲ್ಲ. ಅದು ಹಾಲು, ಮೊಸರು, ಮೊಟ್ಟೆ, ಮಾಂಸಗಳಿಂದ ಬರುವಂಥದು. 1993ರಲ್ಲಿ ಪುಣೆಯ ಸುತ್ತಲಿನ ಹಳ್ಳಿಗಳಲ್ಲಿ ಡಾ. ಚಿತ್ತರಂಜನ ಯಾಜ್ಞಿಕ ಅವರು ಆರಂಭಿಸಿದ ಅಭ್ಯಾಸದಲ್ಲಿ ಗರ್ಭಿಣಿಯರಲ್ಲಿ ಮೂರರಲ್ಲಿ ಎರಡು ಪಾಲು ಮಂದಿಗೆ ಬಿ12 ಕೊರತೆ ಇತ್ತು. ಕೊರತೆ ತೀವ್ರವಾಗಿದ್ದ ತಾಯಂದಿರ ಮಕ್ಕಳು ಒಂಬತ್ತನೆಯ ವಯಸ್ಸಿನಲ್ಲಿ ಗಮನ ಮತ್ತು ನೆನಪಿನ ಕೆಲವು ಪರೀಕ್ಷೆಗಳಲ್ಲಿ ಹಿಂದೆ ಬಿದ್ದರು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ನಡೆದ ಅಭ್ಯಾಸದಲ್ಲಿ ಫೋಲೇಟ್ ಹೆಚ್ಚಾಗಿದ್ದ ತಾಯಂದಿರ ಮಕ್ಕಳು ಬುದ್ಧಿಯ ಪರೀಕ್ಷೆಗಳಲ್ಲಿ ಮುಂದಿದ್ದರು. ಈ ಜೀವಸತ್ವಗಳು ಮನೋರೋಗವನ್ನು ತಡೆಯುವ ಮಂತ್ರಗಳಲ್ಲ. ಆದರೆ ಹಾಲನ್ನೆಲ್ಲ ಡೇರಿಗೆ ಹಾಕಿ ಬಸುರಿ ಸೊಸೆಗೆ ಕರಿಚಹ ಕೊಡುವ ಮನೆ ಒಮ್ಮೆ ಯೋಚಿಸಬೇಕು. ಸಂಪೂರ್ಣ ಶಾಕಾಹಾರಿಗಳಾದ ಗರ್ಭಿಣಿಯರು ವೈದ್ಯರನ್ನು ಕೇಳಿ ಬಿ12 ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು.

ನಮ್ಮ ಸಂಪ್ರದಾಯದಲ್ಲಿ ಬಸುರಿಗೆ ಕುಬಸ ಮಾಡುವುದು, ಬಯಕೆಯ ಊಟ ಹಾಕುವುದು, ಬಾಣಂತನಕ್ಕೆ ತವರಿಗೆ ಕರೆತರುವುದು, ಕೂಸಿಗೆ ಎಣ್ಣೆ ಹಚ್ಚಿ ನೀರು ಹಾಕುವುದು, ತೊಟ್ಟಿಲು ತೂಗುವುದು ಇವೆಲ್ಲ ಉಂಟು. ಇವುಗಳ ತಿರುಳು ಆರೈಕೆ. ಸೀರೆ, ಫೋಟೊ, ಮೆರವಣಿಗೆಗಳ ಗದ್ದಲದಲ್ಲಿ ಆ ತಿರುಳು ಜಾರಿಹೋಗದಂತೆ ನೋಡಿಕೊಳ್ಳಬೇಕು.

ಮನೆಯಲ್ಲಿ ಯಾರಾದರೂ ವಾರಗಟ್ಟಲೆ ನಿದ್ದೆಗೆಟ್ಟರೆ, ಒಂಟಿಯಾಗಿ ಮೂಲೆ ಹಿಡಿದರೆ, ಇಲ್ಲದ ದನಿ ಕೇಳಿಸುತ್ತದೆ ಎಂದರೆ, ಬದುಕು ಬೇಡವೆಂದರೆ ತಡಮಾಡಬಾರದು. ಲಾತೂರ, ಸೋಲಾಪುರ, ಕಲಬುರಗಿಗಳ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಎಂಬ ಸರಕಾರದ ಉಚಿತ ಸೇವೆಗೆ 14416 ಸಂಖ್ಯೆಯಲ್ಲಿ ಕರೆ ಮಾಡಿದರೆ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಮಾತನಾಡಬಹುದು. 2017ರ ಮಾನಸಿಕ ಆರೋಗ್ಯ ಸಂರಕ್ಷಣಾ ಕಾಯಿದೆಯ ಪ್ರಕಾರ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬರ ಹಕ್ಕು. ಮನೋರೋಗಿಯನ್ನು ಸರಪಳಿಯಿಂದ ಕಟ್ಟುವುದು ನಿಷಿದ್ಧ.

ಕೊನೆಯದಾಗಿ, ಬೀಗತನ ಮಾಡುವ ಹಿರಿಯರಲ್ಲಿ ಒಂದು ವಿನಂತಿ. ಕಾಯಿಲೆಯನ್ನು ಮುಚ್ಚಿಟ್ಟು ಮದುವೆ ಮಾಡಿದಾಗ ಹುಡುಗಿ ಗಂಡನ ಮನೆಯಲ್ಲಿ ಗುಳಿಗೆ ನುಂಗಲು ಅಂಜುತ್ತಾಳೆ. ಗುಳಿಗೆ ನಿಂತಾಗ ರೋಗ ಮರುಕಳಿಸುತ್ತದೆ. ಆಮೇಲೆ ಎರಡೂ ಮನೆಗಳು ಕಣ್ಣೀರಿಡುತ್ತವೆ. ಈ ಮುಚ್ಚುಮರೆಗೆ ಕಾರಣ ಆ ಹುಡುಗಿಯಲ್ಲ, ಕಾಯಿಲೆಯ ಹೆಸರು ಕೇಳಿದೊಡನೆ ಎದ್ದುಹೋಗುವ ನಮ್ಮ ರೂಢಿ. ಇನ್ನು ಮೇಲೆ ಮನೆತನ ನೋಡುವಾಗ, “ಅಲ್ಲಿ ಯಾರಿಗಾದರೂ ತಲೆ ಕೆಟ್ಟದ್ದುಂಟೆ” ಎಂಬುದರ ಬದಲು, “ಅಲ್ಲಿ ಕಾಯಿಲೆ ಬಿದ್ದವರನ್ನು ಹೇಗೆ ನೋಡಿಕೊಂಡರು” ಎಂದು ವಿಚಾರಿಸಿರಿ. ರೋಗಿಯನ್ನು ಗೌರವದಿಂದ ಸಲಹಿದ ಮನೆ ನಿಮ್ಮ ಮಗಳನ್ನೂ ಚೆನ್ನಾಗಿ ನೋಡಿಕೊಂಡೀತು. ಹುಟ್ಟುವ ಕೂಸಿನ ಮಿದುಳಿನ ಮೇಲೆ ಮೊದಲ ಗುರುತುಗಳು ಬೀಳುವುದೂ ಅಂಥ ಮನೆಯ ಆರೈಕೆಯಲ್ಲಿಯೇ.